ದಿಂಬಕ್ಕನ ಲೆಕ್ಕಕ್ಕೆ ಬಿದ್ದ ಗೋಲುಗಳು

ದಿಂಬಕ್ಕನ ಹೆಸರಿಗೆ ಆ ವರ್ಷ ಬಿದ್ದ ಗೋಲುಗಳಲ್ಲಿ ಅರ್ಧಕ್ಕರ್ಧ ಬಿದ್ದದ್ದು ಅವಳು ಮೈದಾನದ ಹೊರಗೆ ಕುರ್ಚಿಯ ಮೇಲೆ ಕೂತಿದ್ದಾಗ. ಇದನ್ನು ಹೇಳಿದರೆ ಹಾಕಿ ಗೊತ್ತಿಲ್ಲದವರು ನಗುತ್ತಾರೆ, ಗೊತ್ತಿರುವವರು ಗಂಭೀರವಾಗಿ ತಲೆಯಾಡಿಸುತ್ತಾರೆ. ನಗುವವರೇ ವಾಸಿ.

ಅವಳು ಗೋಲ್‌ಕೀಪರ್. ಕಾಲಿಗೆ, ಎದೆಗೆ, ಕೈಗೆಲ್ಲ ದಪ್ಪದಪ್ಪ ಪ್ಯಾಡು ಕಟ್ಟಿ, ತಲೆಗೆ ಜಾಲರಿಯ ಹೆಲ್ಮೆಟ್ಟು ಹಾಕಿಕೊಂಡು ನಿಂತರೆ ಒಳಗೆ ಹೆಂಗಸಿದ್ದಾಳೋ ಹತ್ತಿ ಇದೆಯೋ ಹೇಳುವಂತಿರಲಿಲ್ಲ. ಹಾಗಾಗಿ ಗೆಳತಿಯರು ಇಟ್ಟ ಹೆಸರು ದಿಂಬಕ್ಕ. ಹಾಕಿ ಆಡಿದ್ದಕ್ಕೇ ಅವಳಿಗೆ ವಿದ್ಯುತ್ ಕಚೇರಿಯ ಬಿಲ್ ಕೌಂಟರಿನಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಕಿಂಡಿಯ ಆಚೆಯಿಂದ ಬರುವ ಬೈಗುಳ ತಡೆಯುವುದು, ಸಂಜೆ ಚೆಂಡು ತಡೆಯುವುದು. ಮೂವತ್ತೈದು ದಾಟುವವರೆಗೆ ಅವಳು ಆಡಿದ್ದೆಲ್ಲ ಖಾಲಿ ಗ್ಯಾಲರಿಯ ಎದುರು. ಚಪ್ಪಾಳೆ ತಟ್ಟಲು ಗಂಡನೊಬ್ಬ ಬರುತ್ತಿದ್ದ, ಅವನೂ ಅರ್ಧ ಆಟಕ್ಕೆ ತೂಕಡಿಸುತ್ತಿದ್ದ.

ಆಮೇಲೆ ಲೀಗು ಬಂತು. ತಂಡ ಕೊಳ್ಳುವವರು ಗಂಡಸರ ತಂಡದ ಜೊತೆಗೆ ಹೆಂಗಸರದ್ದೂ ಒಂದು ಕಟ್ಟಬೇಕೆಂಬ ನಿಯಮವಾಯಿತು. ಟೈಲ್ಸ್ ಕಾರ್ಖಾನೆಯ ಯಜಮಾನ ಒಂದು ಜೋಡಿ ಕೊಂಡ. ಹೆಂಗಸರ ತಂಡ ಅವನಿಗೆ ಸೀರೆ ಕೊಂಡರೆ ಕೊಡುವ ಕೈಚೀಲದ ಹಾಗೆ: ಬೇಡ ಎನ್ನಲಿಲ್ಲ, ಬಿಚ್ಚಿಯೂ ನೋಡಲಿಲ್ಲ. ಗಂಡಸರ ಆಟ ಸಂಜೆ ದೀಪದ ಬೆಳಕಿನಲ್ಲಿ, ಹೆಂಗಸರದ್ದು ಸುಡುವ ಮಧ್ಯಾಹ್ನದಲ್ಲಿ. ಆದರೂ ಮೊದಲ ದಿನ ಮೈಕಿನಲ್ಲಿ ತನ್ನ ಹೆಸರು ಕೂಗಿದಾಗ ದಿಂಬಕ್ಕ ಹೆಲ್ಮೆಟ್ಟಿನೊಳಗೆ ಅತ್ತಳು. ಅಳು ಕಾಣದಂಥ ಟೊಪ್ಪಿ ಅದು, ಪುಣ್ಯ.

ಮುಂದಿನ ವರ್ಷಕ್ಕೆ ಇಬ್ಬರು ಗೋಲ್‌ಕೀಪರುಗಳಲ್ಲಿ ಒಬ್ಬಳನ್ನೇ ಉಳಿಸಿಕೊಳ್ಳುತ್ತೇವೆ ಎಂದು ಮ್ಯಾನೇಜರು ಮೊದಲೇ ಹೇಳಿಬಿಟ್ಟಿದ್ದ. ಎರಡನೆಯವಳು ಇಪ್ಪತ್ತರ ಹುಡುಗಿ, ಬೆಂಚಿನ ಮೇಲೆ ಕೂರುವವಳು. ದಿಂಬಕ್ಕನಿಗೆ ಬೇಕಾಗಿದ್ದದ್ದು ಇನ್ನೊಂದೇ ಒಂದು ವರ್ಷ. ಅಷ್ಟಕ್ಕಾಗಿ ಅವಳು ಏನು ಬೇಕಾದರೂ ಕೇಳಿಸಿಕೊಳ್ಳಲು, ಯಾರು ಹೇಳಿದರೂ ಓಡಲು ತಯಾರಿದ್ದಳು.

ಎರಡೂ ತಂಡಕ್ಕೆ ಕೋಚು ಒಬ್ಬನೇ. ಎದೆಗೆ ಟ್ಯಾಬ್ಲೆಟ್ ಅವಚಿಕೊಂಡೇ ಓಡಾಡುವ ಮಹಾಶಯ. ಮಳೆ ಬರುತ್ತಿದೆಯೇ ಎಂದು ಕೇಳಿದರೂ ಆಕಾಶ ನೋಡದೆ ಅದರಲ್ಲಿ ನೋಡುತ್ತಿದ್ದ. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ತಂಡ ಹಿಂದಿದ್ದರೆ ಅವನು ದಿಂಬಕ್ಕನಿಗೆ ಕೈ ಬೀಸುತ್ತಿದ್ದ. ಅವಳು ಗೋಲು ಬಿಟ್ಟು ಹೊರಗೆ ಓಡಬೇಕು, ಅವಳ ಬದಲು ಮುಂದೆ ನುಗ್ಗುವವಳೊಬ್ಬಳು ಒಳಗೆ ಹೋಗಬೇಕು. ಎಲ್ಲ ಕಡೆ ಇರುವ ಪದ್ಧತಿಯೇ. ಹಸಿದವನು ಕೊನೆಗೆ ಬೀಜದ ಕಾಳನ್ನೂ ತಿಂದಂತೆ, ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ. ಕೋಚು ಮಾತ್ರ ಅದನ್ನು ದಿನದ ಊಟ ಮಾಡಿಕೊಂಡಿದ್ದ. ಎದುರಾಳಿಗಳು ಚೆಂಡು ಕಸಿದುಕೊಂಡು, ಯಾರೂ ಇಲ್ಲದ ಗೋಲಿಗೆ ಆರಾಮಾಗಿ ನಡೆದುಬಂದು ತಳ್ಳಿ ಹೋಗುತ್ತಿದ್ದರು. ಲೆಕ್ಕ ಬರೆಯುವವರು ಅದನ್ನೂ ದಿಂಬಕ್ಕನ ಹೆಸರಿಗೇ ಹಾಕುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮನೆಯಲ್ಲಿ ಅತ್ತೆ ಟಿವಿ ನೋಡಿ ಕಾಯುತ್ತಿದ್ದರು.

"ಆ ಚೆಂಡು ಒಳಗೆ ಹೋಗುವಾಗ ನೀನೆಲ್ಲಿದ್ದೆ?"

"ಹೊರಗೆ ಕೂತಿದ್ದೆ ಅತ್ತೆ. ಕರೆದ್ರು, ಹೋದೆ."

"ನಾನು ಕರೆದ್ರೆ ಮೂರು ಸಲ ಕೂಗಬೇಕು. ಅವನು ಕೈ ಬೀಸಿದ್ರೆ ಸಾಕು, ಓಡ್ತೀಯ!"

ಗಂಡಸರ ತಂಡವೂ ಏನು ಗೆದ್ದು ಗುಡ್ಡೆ ಹಾಕುತ್ತಿರಲಿಲ್ಲ. ಅವರೂ ಕೊನೆಗಳಿಗೆಯಲ್ಲಿ ಹಿಂದಿರುತ್ತಿದ್ದರು. ಆದರೆ ಅವರ ಗೋಲ್‌ಕೀಪರ್, ಎಲ್ಲರೂ ಮೀಸೆ ಎಂದು ಕರೆಯುವ ಆಳು, ಗೋಲಿನ ಮುಂದೆ ಕಂಬದ ಹಾಗೆ ನಿಂತೇ ಇರುತ್ತಿದ್ದ. ಕೋಚಿನ ಕೈ ಆಗ ಜೇಬಿನಿಂದ ಹೊರಗೇ ಬರುತ್ತಿರಲಿಲ್ಲ. ದಿಂಬಕ್ಕ ಅದನ್ನು ಗಮನಿಸಿದ್ದಳು. ಟ್ಯಾಬ್ಲೆಟ್ಟಿನಲ್ಲಿ ಏನೋ ಕಾರಣ ಇರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

ಕೊನೆಯ ಲೀಗ್ ಪಂದ್ಯ ಬಂತು. ಸಮ ಮಾಡಿಕೊಂಡರೂ ಸಾಕು, ಹೆಂಗಸರ ತಂಡ ಫೈನಲ್ಲಿಗೆ. ಅದೂ ಯಜಮಾನನ ಗಂಡಸರ ತಂಡ ಸೋತು ಮನೆಗೆ ಹೋಗಿಯಾದ ಮೇಲೆ. ಹಾಗಾಗಿ ಯಜಮಾನನಿಗೆ ತನಗೊಂದು ಹೆಂಗಸರ ತಂಡ ಇದೆ ಎಂಬುದು ತಟ್ಟನೆ ನೆನಪಾಗಿ, ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನ ಪಕ್ಕಕ್ಕೇ ಬಂದು ಕೂತ. ಅವನ ಹಿಂದೆ ಕ್ಯಾಮೆರಾ ಬಂತು. ಕ್ಯಾಮೆರಾ ಕಂಡು ಕೋಚು ಬೈತಲೆ ಸರಿಮಾಡಿಕೊಂಡ.

ಆ ದಿನ ಆಡಿದಂಥ ಆಟ ದಿಂಬಕ್ಕ ಜನ್ಮದಲ್ಲೇ ಆಡಿರಲಿಲ್ಲ. ಕಾಲಿನಿಂದ, ಮೊಣಕೈಯಿಂದ, ಒಮ್ಮೆ ಹೆಲ್ಮೆಟ್ಟಿನಿಂದಲೂ ತಡೆದಳು. ಒಂದೇ ಒಂದು ತಪ್ಪಿತು. ಕೊನೆಗಳಿಗೆಯಲ್ಲಿ ತಂಡ ಒಂದು ಗೋಲು ಹಿಂದೆ, ಕೋಚಿನ ಕೈ ಎದ್ದಿತು. ಅವಳು ಓಡಿದಳು.

ಈ ಸಲ ತಂತ್ರ ಫಲಿಸಿತು! ಹೊಸದಾಗಿ ಹೋದವಳೇ ಗೋಲು ಹೊಡೆದಳು. ಸಮ ಸಮ. ಗ್ಯಾಲರಿ ಹುಚ್ಚೆದ್ದು ಕೂಗಿತು. ಕೋಚು ಯಜಮಾನನನ್ನು ತಬ್ಬಿಕೊಂಡ, ಯಜಮಾನ ಕೋಚನ್ನು ತಬ್ಬಿಕೊಂಡ, ಇಬ್ಬರೂ ಸೇರಿ ಕ್ಯಾಮೆರಾವನ್ನೇ ತಬ್ಬಿಕೊಳ್ಳುವುದೊಂದು ಬಾಕಿ. ಗೋಲಿನಲ್ಲಿ ಯಾರೂ ಇಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ದಿಂಬಕ್ಕ ಗೆರೆಯ ಹತ್ತಿರ ನಿಂತು ಕುಣಿಯುತ್ತಿದ್ದಳು.

"ಸಾರ್, ನಾನು ಒಳಗೆ ಹೋಗ್ಬೇಕು! ಯಾರನ್ನಾದ್ರೂ ಕರೀರಿ ಸಾರ್!"

ಒಳಗಿನಿಂದ ಒಬ್ಬಳು ಬರದೆ ಹೊರಗಿನವಳು ಹೋಗುವಂತಿಲ್ಲ. ಯಾರು ಬರಬೇಕೆಂದು ಕೋಚು ಹೇಳಬೇಕು. ಕೋಚು ಯಜಮಾನನ ಭುಜದ ಮೇಲಿದ್ದ. ಅವಳು ಒಳಗಿದ್ದವರನ್ನೇ ಕೂಗಿದಳು. ಇವಳು ಹೋಗಲಿ ಎಂದು ಅವಳು, ಅವಳು ಹೋಗಲಿ ಎಂದು ಇವಳು. ದಿಂಬಕ್ಕ ಒಂದು ಕಾಲು ಮುಂದಿಟ್ಟಳು. ಮೇಜಿನ ಹತ್ತಿರದ ಅಧಿಕಾರಿ ಕೈ ಅಡ್ಡ ಹಿಡಿದು, "ನಿಯಮ ಅಮ್ಮಾ, ನಿಯಮ" ಎಂದ. ಆಟ ಮತ್ತೆ ಶುರು ಎಂದು ಸೀಟಿ ಊದಿದರು. ಎದುರಾಳಿಗಳಿಗೆ ಕಣ್ಣಿತ್ತು. ಎರಡು ಪಾಸು, ಒಂದು ಓಟ, ಬಿತ್ತು ಗೋಲು. ಆಗ ಕೋಚು ತಿರುಗಿ ನೋಡಿ, "ಗೋಲ್‌ಕೀಪರ್ ಎಲ್ಲಿ?" ಎಂದು ಅರಚಿದ. ಅವಳು ಅವನ ಮಗ್ಗುಲಲ್ಲೇ ನಿಂತಿದ್ದಳು.

ಆವತ್ತು ಅತ್ತೆ ಸೊಸೆಯನ್ನು ಬೈಯಲಿಲ್ಲ. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋಕೆ ಹೊರಟಿದ್ದಾನೆ, ಮುಖ ನೋಡು ಅವನದು," ಎಂದು ಟಿವಿಯಲ್ಲಿ ಧೈರ್ಯದ ಹಾಕಿಯ ಬಗ್ಗೆ ಭಾಷಣ ಬಿಗಿಯುತ್ತಿದ್ದ ಕೋಚಿನ ಬಾಯಿ ಮುಚ್ಚಿಸಿದರು.

ಮುಂದಿನ ವಾರ ಕರೆ ಬಂತು. ಕಚೇರಿಯಲ್ಲಿ ಮ್ಯಾನೇಜರು, ಪಕ್ಕದಲ್ಲಿ ಕೋಚು.

"ನೋಡಿ, ನಿಮ್ಮ ಹೆಸರಿಗೆ ತುಂಬಾ ಗೋಲು ಬಿದ್ದಿದೆ," ಎಂದ ಮ್ಯಾನೇಜರು. "ಆ ಹುಡುಗಿ ಹೆಸರಿಗೆ ಒಂದೂ ಇಲ್ಲ. ಅವಳನ್ನೇ ಉಳಿಸ್ಕೊಳ್ತಿದ್ದೀವಿ."

"ಅವಳು ಒಂದು ಪಂದ್ಯವೂ ಆಡಿಲ್ಲ ಸಾರ್."

"ಅದಕ್ಕೇ ಇಲ್ಲ," ಎಂದ ಮ್ಯಾನೇಜರು, ನಗದೆ.

ಅವನ ಜೊತೆ ವಾದಿಸುವುದಕ್ಕಿಂತ ಬಿಲ್ ಕೌಂಟರಿನ ಗಾಜಿನ ಜೊತೆ ವಾದಿಸಬಹುದಿತ್ತು. ಅವಳು ಕೋಚಿನ ಕಡೆ ತಿರುಗಿದಳು. "ಒಂದು ಹೇಳಿ ಸಾರ್. ಮೀಸೆಯನ್ನ ಒಂದು ಸಲಾನೂ ಯಾಕೆ ಹೊರಗೆ ಕರೀಲಿಲ್ಲ?"

ಕೋಚು ಮೊದಲ ಸಲ ಟ್ಯಾಬ್ಲೆಟ್ಟನ್ನು ನೋಡದೆ ಉತ್ತರ ಕೊಟ್ಟ. "ಅವನು ಕರೆದ್ರೆ ಬರಲ್ವಲ್ಲಮ್ಮಾ."

ಅದರಲ್ಲಿ ಸುಳ್ಳಿರಲಿಲ್ಲ, ನಾಚಿಕೆಯೂ ಇರಲಿಲ್ಲ. ದಿಂಬಕ್ಕನಿಗೆ ಕೋಚಿನ ಮೇಲೆ ಬರಬೇಕಿದ್ದ ಸಿಟ್ಟೆಲ್ಲ ತನ್ನ ಮೇಲೇ ಬಂತು. ಇಡೀ ವರ್ಷ ಕೈ ಬೀಸಿದಾಗಲೆಲ್ಲ ಓಡಿದೆ, ಓಡಿದರೆ ಉಳಿಸಿಕೊಳ್ಳುತ್ತಾರೆ ಎಂದುಕೊಂಡೆ, ನನ್ನಂಥ ಪೆದ್ದಿ ಯಾರಿದ್ದಾರೆ ಎಂದು ಹಲ್ಲು ಕಚ್ಚಿಕೊಂಡು ಹೊರಗೆ ಬಂದಳು.

ಮೊಗಸಾಲೆಯಲ್ಲಿ ಆ ಹುಡುಗಿ ಕಾಯುತ್ತಿದ್ದಳು. ಪಾಪ, ಅವಳ ಕಣ್ಣಲ್ಲಿ ನೀರಿತ್ತು.

"ಅಕ್ಕಾ, ನನಗೆ ಏನಾದ್ರೂ ಬುದ್ಧಿ ಹೇಳಿ ಹೋಗಿ."

ದಿಂಬಕ್ಕ ಅವಳ ಎರಡೂ ಭುಜ ಹಿಡಿದುಕೊಂಡಳು. "ಒಂದೇ ಮಾತು ಕಣೆ. ಗೋಲಿನಲ್ಲಿ ನಿಂತ ಮೇಲೆ ಅವನು ಕೈ ಬೀಸಿದ್ರೂ, ಕೂಗಿದ್ರೂ, ತಲೆ ಕೆಳಗೆ ಮಾಡಿ ನಿಂತ್ರೂ ಬರಬೇಡ. ತಿಳೀತಾ?"

"ತಿಳೀತು ಅಕ್ಕಾ. ಖಂಡಿತಾ..."

ಒಳಗಿನಿಂದ ಕೋಚಿನ ದನಿ ಕೇಳಿತು. ಹುಡುಗಿ ಮಾತು ಮುಗಿಸದೆ ಓಡಿದಳು.