ಮೆಟ್ಟಿಲು ಬಾವಿಯ ಸೋಸುಬಟ್ಟೆ

ಬೆಳಗಿನ ಐದೂವರೆ. ಜಗಳೂರು ಕಡೆಯ ಈ ಹಳ್ಳಿಯ ಮೆಟ್ಟಿಲು ಬಾವಿಯ ಕಟ್ಟೆಯ ಮೇಲೆ ಗಾದ್ರಮ್ಮ ಸೆರಗು ಸಿಕ್ಕಿಸಿ ಕೂತಿದ್ದಾರೆ. ಕೊಡ ಹೊತ್ತು ಬಂದವರ ಮುಖ ಆಮೇಲೆ, ಮೊದಲು ಅವರು ನೋಡುವುದು ಕಾಲು.

“ಬೊಬ್ಬೆ ಗಿಬ್ಬೆ ಇಲ್ಲ ತಾನೆ ಕೊಟ್ರಮ್ಮ?”

“ದಿನಾ ನನ್ನ ಕಾಲು ನೋಡ್ತೀಯಲ್ಲವ್ವ, ಒಂದು ಜೊತೆ ಕಾಲುಂಗುರನಾದ್ರೂ ಕೊಡಿಸು,” ಎನ್ನುತ್ತ ಕೊಟ್ರಮ್ಮ ಒಣ ಮೆಟ್ಟಿಲಲ್ಲೇ ನಿಂತು, ಕೊಡದ ಬಾಯಿಗೆ ಬಟ್ಟೆ ಬಿಗಿದು, ಚೆಂಬಿನಿಂದ ನೀರು ಮೊಗೆದು ಹೊಯ್ಯುತ್ತಾರೆ.

ಗಾದ್ರಮ್ಮ ಗೋವಿನಕೋವಿಯ ಕೂಲಿ ಮನೆತನದವರು. ಗಂಡ ತೀರಿದ ಮೇಲೆ ಮಿಷನ್ ಆಸ್ಪತ್ರೆಯೊಂದರಲ್ಲಿ ಆಯಾ ಆದರು, ಅಲ್ಲೇ ದೀಕ್ಷಾಸ್ನಾನ ಪಡೆದರು. ಹೆಸರು ಮಾತ್ರ ಬದಲಿಸಲಿಲ್ಲ. “ದೇವರು ಗಾದ್ರಮ್ಮ ಅಂತಲೇ ಕರೆದಿದ್ದು. ಬೇರೆ ಹೆಸರಿಟ್ಕೊಂಡ್ರೆ ಅವನಿಗೆ ಹುಡುಕಾಕೆ ಕಷ್ಟ.”

ಸುವಾರ್ತೆ ಸಾರಲು ಮಿಷನ್ ಅವರನ್ನು ಇಲ್ಲಿಗೆ ಕಳಿಸಿದ್ದು 1978ರಲ್ಲಿ. ಬಂದು ನೋಡಿದರೆ ಮನೆಮನೆಯಲ್ಲೂ ನಾರುಹುಣ್ಣು. ಬಾವಿನೀರಿನ ಜೊತೆ ಹೊಟ್ಟೆ ಸೇರಿದ ಮರಿ, ವರ್ಷದೊಳಗೆ ಮೊಳದುದ್ದದ ದಾರದಂಥ ಹುಳವಾಗಿ ಕಾಲು ಸೀಳಿ ಬರುತ್ತದೆ. ಆ ಕಾಲು ನೀರಿಗಿಳಿದರೆ ಬಾವಿಗೆ ಮತ್ತೆ ಮರಿ. ಬಟ್ಟೆಯಲ್ಲಿ ಸೋಸಿ ಕುಡಿದರೆ ಸಾಕೆಂದು ಗಾದ್ರಮ್ಮ ಅರವತ್ತು ಬಟ್ಟೆ ಹಂಚಿದರು. ಒಂದೊಂದರ ಮೂಲೆಯಲ್ಲೂ ಕ್ರೈಸ್ತ ಸಭೆಯ ಹೆಣ್ಣುಮಕ್ಕಳು ಕೆಂಪು ದಾರದಲ್ಲಿ ಹೊಲಿದ ಶಿಲುಬೆ.

ಮರುಬೇಸಿಗೆಗೆ ಮೂವತ್ತೇಳು ಕಾಲುಗಳಲ್ಲಿ ಹುಳ. ನೆರೆಯ ಉಡಚಮ್ಮನ ಮನೆ ಹೊಕ್ಕರೆ ಬಟ್ಟೆ ದೇವರ ಜಗುಲಿಯ ಮೇಲಿತ್ತು, ಅರಿಶಿನ ಕುಂಕುಮ ಏರಿಸಿಕೊಂಡು. “ದೇವರ ಗುರುತಿರೋ ಬಟ್ಟೇನ ನೀರಿಗದ್ದಿ ಮೈಲಿಗೆ ಮಾಡಾಕಾಗ್ತೈತೇನವ್ವ?” ಊರ ಹಿರಿಯ ಜಯದೇವಪ್ಪನವರದು ಇನ್ನೊಂದು ಮಾತು: “ಬಟ್ಟೆ ಕೊಟ್ಟು ಜಾತಿ ಕೆಡಿಸಾಕೆ ಬಂದಾಳೆ.” ಅವರ ಬಟ್ಟೆ ಹೊಲದ ಬೆದರುಬೊಂಬೆಯ ತಲೆಗೇರಿತ್ತು.

ಗಾದ್ರಮ್ಮ ಎಲ್ಲ ಬಟ್ಟೆ ತರಿಸಿಕೊಂಡು ಮೂರು ದಿನ ಕೂತು ಶಿಲುಬೆಗಳನ್ನು ಎಳೆಎಳೆಯಾಗಿ ಬಿಚ್ಚಿ, ಮತ್ತೆ ಮನೆಮನೆಗೆ ಹಂಚಿದರು. ಸುದ್ದಿ ಕೇಳಿ ಮಿಷನ್ನಿನ ಪಾದ್ರಿ ಅಯ್ಯನವರು ಬಂದರು. “ಇನ್ನು ಯೇಸುವಿಗೆ ಸಾಕ್ಷಿ ಎಲ್ಲೈತೆ ಗಾದ್ರಮ್ಮ? ಹಿಂಗಾದ್ರೆ ವಾಪಸ್ ಕರೆಸಿಕೊಳ್ಳೋದೇ.”

“ಎರಡು ಬೇಸಿಗೆ ಕೊಡ್ರಿ ಅಯ್ಯನೋರೆ. ಹುಳ ನಿಲ್ಲದಿದ್ರೆ ನಾನೇ ಬರ್ತೀನಿ.”

ಮೊದಲ ಬೇಸಿಗೆಗೆ ಇಪ್ಪತ್ತೊಂದು. ಅದರಲ್ಲೊಂದು ಜಯದೇವಪ್ಪನವರ ಹಿಮ್ಮಡಿ. ಹುಳ ತುಂಡಾದರೆ ಕಾಲೇ ಕೊಳೆಯುತ್ತದೆ. ಗಾದ್ರಮ್ಮ ದಿನಕ್ಕೊಂದು ಬೆರಳಗಲದಂತೆ ಬೆಂಕಿಕಡ್ಡಿಗೆ ಸುತ್ತುತ್ತ ಹದಿನೆಂಟು ದಿನ ಅವರ ಕಾಲ ಬಳಿ ಕೂತರು.

“ನನ್ನ ಜಾತಿ ಕೆಡಿಸಲ್ಲ ತಾನೆ?”

“ಮೊದಲು ಹುಳ ಬರಲಿ ಬಿಡ್ರಿ ಗೌಡ್ರೆ.”

ಹುಳದ ಬಾಲ ಹೊರಬಂದ ದಿನ ಅವರೇ ಕೇಳಿದರು: “ನಿನ್ನ ಕಳಿಸಿದ್ದು ಯಾರು?” ಗಾದ್ರಮ್ಮ ಶಿಷ್ಯರ ಕಾಲು ತೊಳೆದ ಯೇಸುವಿನ ಕಥೆ ಹೇಳಿದರು, ಕಾಲು ತೊಳೆಯುತ್ತಲೇ. ಜಯದೇವಪ್ಪ ಕೊರಳಿನ ಲಿಂಗ ಬಿಡಲಿಲ್ಲ. ಮರುದಿನದಿಂದ ಬಾವಿಕಟ್ಟೆಯ ಕಾವಲು ಮಾತ್ರ ಅವರದೂ ಆಯಿತು.

ಈಗ ಎರಡನೆಯ ಬೇಸಿಗೆ ಮುಗಿದಿದೆ. ಅಯ್ಯನವರು ವರದಿ ಹಾಳೆ ಹಿಡಿದು ಬಾವಿಗೇ ಬಂದಿದ್ದಾರೆ. ಯೇಸುವಿನ ವಿಶ್ವಾಸಕ್ಕೆ ಬಂದವರು ಎಷ್ಟು ಎಂದರೆ ಗಾದ್ರಮ್ಮ ಎರಡು ಮನೆ ಎನ್ನುತ್ತಾರೆ. ಉಳಿದದ್ದಕ್ಕೆ ಜಯದೇವಪ್ಪನವರೇ ಬಾಯಿ ಹಾಕುತ್ತಾರೆ: “ಹುಳ ಸೊನ್ನೆ. ಅದನ್ನ ದಪ್ಪಗೆ ಬರ್ಕೊಳ್ರಿ ಅಯ್ಯನೋರೆ.”

ಅಯ್ಯನವರು ಬರೆದುಕೊಂಡು, ನಿಮಗೇನು ಬೇಕು ಎಂದು ಗಾದ್ರಮ್ಮನನ್ನು ಕೇಳುತ್ತಾರೆ.

“ಪಕ್ಕದೂರಾಗೆ ಇನ್ನೂ ಹುಳದ ಕಾಲು ಅದಾವೆ. ನೂರು ಬಟ್ಟೆ ಕಳಿಸ್ರಿ. ಮೂಲೆಗೆ ಏನೂ ಹೊಲೀಬೇಡ್ರಿ. ಯಾರು ಕಳಿಸಿದ್ದು ಅಂತ ಕೇಳಿದೋರಿಗೆ ನಾನೇ ಹೇಳ್ತೀನಿ.”