ಇಂಪಾಗಬಾರದ ಮೂರು ಸ್ವರ

ಮೂರನೆಯ ಸ್ವರ ಇನ್ನೂ ಇಂಪಾಗಿಯೇ ಉಳಿದಿದೆಯೇ? ಕೂದಲೆಳೆಯಷ್ಟು ಇನ್ನೂ ಕೆಡಿಸಬೇಕಿತ್ತೇ?

ಬೆಳಗಿನ ಐದೂವರೆ. ಆಸ್ಪತ್ರೆಯ ತೀವ್ರ ನಿಗಾ ಘಟಕದ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವರ ತಲೆಯಲ್ಲಿ ಇದೇ ಕೊರೆತ. ರೋಗಿಯ ಉಸಿರು ಇಳಿದಾಗ ಹಾಸಿಗೆ ಪಕ್ಕದ ಯಂತ್ರ ಕೂಗಿ ಕರೆಯುತ್ತದಲ್ಲ, ಆ ಸದ್ದನ್ನು ಕಂಪ್ಯೂಟರಿನಲ್ಲಿ ಬರೆಯುವವರು ಇವರು. ಎಲ್ಲರ ಬಾಯಲ್ಲೂ 'ಕೂಗುಮೇಷ್ಟ್ರು'. ಇವತ್ತು ಹೊಸ ಸದ್ದಿನ ಪರೀಕ್ಷೆ; ಅದರ ಬಗ್ಗೆ ಪತ್ರಿಕೆಗೆ ಬರೆಯಲು ನಾನೂ ಪಕ್ಕದಲ್ಲಿ ಕೂತಿದ್ದೇನೆ. ಸಿಸ್ಟರ್ ತಕ್ಷಣ ತಿರುಗಿ ನೋಡದಿದ್ದರೆ ಇಪ್ಪತ್ತು ಹಾಸಿಗೆಗಳಿಗೂ ಹಳೆಯ ಸದ್ದೇ ಗತಿ.

ಮೇಷ್ಟ್ರು ಮೊದಲು ವಾದ್ಯವೃಂದವೊಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ತಂಡ ಮುರಿದ ಮೇಲೆ ಪ್ರೋಗ್ರಾಮಿಂಗ್ ಕಲಿತರು. ಸ್ವರದ ಎತ್ತರ, ಕಂಪನ, ನಿಲುಗಡೆ ಎಲ್ಲವೂ ಈಗ ಅಂಕಿಗಳೇ. ದಿನಕ್ಕೆ ನಲವತ್ತು ಸದ್ದು ಹುಟ್ಟಿಸಿದರೆ ಉಳಿಯುವುದು ಒಂದೋ ಎರಡೋ. "ನಮ್ಮನೆಯವ್ರೂ ಸಂಗೀತಗಾರ್ರೇ. ಆದ್ರೆ ಇನ್ನೊಂದ್ಸಲ ನುಡಿಸಿ ಅಂತ ಯಾರೂ ಕೇಳಲ್ಲ" ಎನ್ನುತ್ತಾರೆ ಅವರ ಹೆಂಡತಿ.

ಹಳೆಯ ಸದ್ದೂ ಇವರದೇ. "ಕೈಗೆ ಅಭ್ಯಾಸ ನೋಡಿ, ಮೂರು ಸ್ವರ ಹೊಂದಿಸಿಬಿಟ್ಟೆ. ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ತಪ್ಪಾಯ್ತು."

ಕಳೆದ ವರ್ಷ ಒಂದು ಮುಂಜಾನೆ ಒಂಬತ್ತನೇ ಹಾಸಿಗೆಯ ಯಂತ್ರ ಕರೆಯಿತು. ಸಿಸ್ಟರ್ ಅದನ್ನು ಯಾರದೋ ಫೋನ್ ಎಂದುಕೊಂಡರು. ನಲವತ್ತು ಸೆಕೆಂಡ್ ಕಳೆಯಿತು. ರೋಗಿ ಬದುಕಿಕೊಂಡರು, ಸಿಸ್ಟರ್‌ಗೆ ಎಚ್ಚರಿಕೆ ಪತ್ರ ಬಂತು, ಜತೆಗೆ 'ನಿದ್ದೆಯಕ್ಕ' ಎಂಬ ಅಡ್ಡಹೆಸರೂ ಅಂಟಿತು.

ಇವತ್ತೂ ಪಾಳಿಯಲ್ಲಿರುವುದು ಅದೇ ಸಿಸ್ಟರ್. ಬೆನ್ನು ತಿರುಗಿಸಿ ಮಾತ್ರೆ ಎಣಿಸುತ್ತಿದ್ದಾರೆ. ಸದ್ದು ಯಾವ ಗಳಿಗೆಯಲ್ಲಿ ಬರುತ್ತದೆಂದು ಅವರಿಗೆ ಹೇಳಿಲ್ಲ. ಒಂಬತ್ತನೇ ಹಾಸಿಗೆ ಖಾಲಿ ಇದೆ, ಅದರ ಯಂತ್ರಕ್ಕೆ ಲ್ಯಾಪ್‌ಟಾಪಿನಿಂದ ತಂತಿ ಹೋಗಿದೆ. ಮೇಷ್ಟ್ರ ಬೆರಳು ಕೀಲಿಯ ಮೇಲೆ ನಿಂತೇ ಇದೆ. ಕೊನೆಗೂ ಒತ್ತುತ್ತಾರೆ.

ಒಂದಕ್ಕೊಂದು ಹೊಂದದ ಮೂರು ಸ್ವರ. ಹಲ್ಲು ಜುಮ್ಮೆನ್ನುತ್ತದೆ. ನಾನು ಎರಡು ಎಣಿಸುವಷ್ಟರಲ್ಲಿ ಸಿಸ್ಟರ್ ಹಾಸಿಗೆಯ ಬಳಿ ಇದ್ದಾರೆ, ಮಾತ್ರೆಗಳು ನೆಲದ ಮೇಲಿವೆ.

"ಎಂಥಾ ದರಿದ್ರ ಸದ್ದು ಮೇಷ್ಟ್ರೇ, ಸತ್ತೋನೂ ಎದ್ದು ಕೂತ್ಕೋತಾನೆ" ಎಂದು ಸಿಸ್ಟರ್ ಏದುಸಿರಲ್ಲೇ ನಗುತ್ತಾರೆ. ಖಾಲಿ ಹಾಸಿಗೆಯತ್ತ ನೋಡಿದಾಗ ಅವರ ನಗು ನಿಲ್ಲುತ್ತದೆ. "ಆವತ್ತು ನಂದೇ ತಪ್ಪು ಬಿಡಿ. ಎಲ್ಲೋ ಮೈಮರೆತಿದ್ದೆ."

ಮೇಷ್ಟ್ರು ಬಗ್ಗಿ ಮಾತ್ರೆಗಳನ್ನು ಒಂದೊಂದಾಗಿ ಆರಿಸಿ ಅವರ ಕೈಗೆ ಕೊಡುತ್ತಾರೆ. ಕೊನೆಯದನ್ನು ಹುಡುಕಲು ತುಂಬಾ ಹೊತ್ತು ಹಿಡಿಯುತ್ತದೆ.

ಹೊರಗೆ ಬಂದ ಮೇಲೆ, ಇನ್ನೇನು ಆಸೆ ಎಂದು ಕೇಳುತ್ತೇನೆ. "ನಾನು ಮಾಡಿದ ಸದ್ದು ಯಾರ ಕಿವಿಗೂ ಬೀಳೋ ಪ್ರಸಂಗ ಬರದಿದ್ರೆ ಸಾಕು" ಎನ್ನುತ್ತಾರೆ.

ತಪ್ಪಿದ್ದದ್ದು ನಿಮ್ಮ ಕಿವಿಯಲ್ಲಲ್ಲ, ನನ್ನ ಸ್ವರದಲ್ಲಿ ಎಂದು ಅವರು ಸಿಸ್ಟರ್‌ಗೆ ಹೇಳಲೇ ಇಲ್ಲ.