ತಂತಿಗೆ ಕೊಟ್ಟ ಕೊಸರು

ಹ್ಯಾಮ್ ರೇಡಿಯೊ ಇಟ್ಟುಕೊಳ್ಳುವ ಆಸೆ ಹುಟ್ಟಿದೆ ಎಂದು ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ಮನೆಯ ಮಾಳಿಗೆ, ಅಂದರೆ ತಾರಸಿ, ಯಾರ ಕೈಯಲ್ಲಿದೆ? ಸೆಟ್ಟು ಸಿಗುತ್ತದೆ, ತಂತಿ ಸಿಗುತ್ತದೆ, ಓದಿದರೆ ಲೈಸೆನ್ಸೂ ಸಿಗುತ್ತದೆ. ಮಾಳಿಗೆಯನ್ನು ಮಾತ್ರ ಮನೆಯ ಹೆಂಗಸರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾನು ರಾಯಚೂರಿನ ಆಚೆಯ ಮಕ್ತಲ್‌ನಲ್ಲಿ ಹಳೆಯ ಬೋರ್ ಮೋಟಾರು ಕೊಂಡು, ರಿಪೇರಿ ಮಾಡಿಸಿ ಮಾರುವವನು. ಅದಕ್ಕೂ ಮುಂಚೆ ನಾರಾಯಣಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತ ಬೆಳೆದೆ. ಚೌಕಾಶಿಯನ್ನು ನನಗೆ ಯಾರೂ ಕೂಡಿಸಿ ಕಲಿಸಲಿಲ್ಲ. ಗಿರಾಕಿ ಮೆಟ್ಟಿಲು ಇಳಿಯುವಾಗ ಯಾವ ಕಾಲು ಮೊದಲು ಇಡುತ್ತಾನೆ ಎಂದು ನೋಡಿಯೇ ಅವನು ವಾಪಸ್ ಬರುತ್ತಾನೋ ಇಲ್ಲವೋ ಹೇಳುವಷ್ಟು ತಾನಾಗಿಯೇ ಬಂತು.

ರೇಡಿಯೊ ಹುಚ್ಚು ಹತ್ತಿದ್ದು ಗದ್ವಾಲದಲ್ಲಿ. ಅಲ್ಲಿ ಹತ್ತಿ ಬೀಜದ ಅಂಗಡಿ ಇಟ್ಟುಕೊಂಡ ಹಿರಿಯ ಗೆಳೆಯರೊಬ್ಬರಿದ್ದಾರೆ. ಒಮ್ಮೆ ಅವರ ಹೊಲಕ್ಕೆ ಮೋಟಾರು ಒಪ್ಪಿಸಲು ಹೋದಾಗ ಅವರು ಅಂಗಡಿಯ ಹಿಂದಿನ ಕೋಣೆಯಲ್ಲಿ, ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆಯೊಂದರ ಮುಂದೆ ಕುಳಿತು ಅಸ್ಸಾಮಿನ ಯಾರೋ ಒಬ್ಬರ ಜೊತೆ ಅಲ್ಲಿಯ ಮಳೆಯ ಬಗ್ಗೆ ಮಾತಾಡುತ್ತಿದ್ದರು. ಟವರ್ ಇಲ್ಲ, ಸಿಮ್ ಇಲ್ಲ. ನನ್ನ ಕಿವಿ ನೆಟ್ಟಗಾಯಿತು.

"ಇದಕ್ಕ ತಿಂಗಳಿಗೆ ರೀಚಾರ್ಜ್ ಎಷ್ಟು ಬೀಳ್ತೈತಿ ರೀ?"

"ರೀಚಾರ್ಜ್ ಇಲ್ಲ ಸೇಠ್. ಪರೀಕ್ಷಾ ಐತಿ."

"ಈ ವಯಸ್ಸಿನ್ಯಾಗ ಪರೀಕ್ಷಾ?"

"ನಾ ಬರಿಯಾಕ ಹೋದಾಗ ನನ್ನ ಮೊಮ್ಮಗ ತನ್ನ ಪೆನ್ನು ಕೊಟ್ಟು, ಅವಸರ ಮಾಡಬ್ಯಾಡ ತಾತಾ ಅಂತ ಬುದ್ಧಿ ಹೇಳಿ ಕಳಿಸಿದ. ನಿಮಗೇನು ಧಾಡಿ?"

ಓದಿದೆ, ಹೈದರಾಬಾದಿಗೆ ಹೋಗಿ ಬರೆದೆ, ಪಾಸಾದೆ. ಇಲ್ಲಿ ಒಂದು ಕಿವಿಮಾತು. ಲೈಸೆನ್ಸ್ ಕೈಗೆ ಬರುವ ಮುಂಚೆ ಸೆಟ್ ಕೊಳ್ಳಬೇಡಿ, ಎಷ್ಟೇ ಅಗ್ಗಕ್ಕೆ ಸಿಕ್ಕರೂ. ಹಳೆಯ ಸೆಟ್ ಕೊಳ್ಳುವಾಗ ಮೇಲಿನ ಗೀರು ತೋರಿಸಿ ಬೆಲೆ ಇಳಿಸಿ, ಸವೆದ ಗುಂಡಿ ತೋರಿಸಿ ಇನ್ನಷ್ಟು ಇಳಿಸಿ. ಆದರೆ ಮಾರುವವನು ತಾನಾಗಿಯೇ ಬೆಲೆ ಇಳಿಸಲು ಶುರು ಮಾಡಿದರೆ ಚಹಾ ಕುಡಿದು ಎದ್ದು ಬನ್ನಿ. ನಾನು ನನ್ನ ಸೆಟ್ಟನ್ನು ಗದ್ವಾಲದ ಗೆಳೆಯರ ಮುಂದೆಯೇ ಹಚ್ಚಿ ನೋಡಿ, ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಳೆಗೆ ಕಟ್ಟಿದ ಜೂರಾಲಾ ಅಣೆಕಟ್ಟು ದಾಟಿಸಿ ತಂದೆ. ಪಕ್ಕದವರು ಒತ್ತಿದಾಗಲೆಲ್ಲ ಕೂಸು ಮಲಗಿದೆ ಎನ್ನುವಂತೆ ನೋಡಿದೆ.

ಮನೆಗೆ ಬಂದರೆ ಮಾಳಿಗೆಯ ಸಮಸ್ಯೆ. ನಮ್ಮದು ಕೂಡಿದ ಮನೆ. ಕೆಳಗೆ ಅಣ್ಣನ ಸಂಸಾರ, ಮೇಲೆ ನಮ್ಮದು, ಮಾಳಿಗೆ ಇಬ್ಬರದು. ಇಬ್ಬರದು ಎಂದರೆ ಅತ್ತಿಗೆಯದು. ಶಿವರಾತ್ರಿ ಮುಗಿದು ಬಿಸಿಲು ಬಲಿತರೆ ಸಾಕು, ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಎಂದು ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಾಯಚೂರಿನ ತವರಿನಿಂದ ಪಕ್ಕದ ನಾರ್ವದ ಬೀಗರವರೆಗೆ ವರ್ಷದ ಹಪ್ಪಳ ಹೋಗುವುದು ಆ ಮಾಳಿಗೆಯಿಂದಲೇ. ನಾನು ಬಿದಿರಿನ ಗಳ ಹೊತ್ತು ಮೆಟ್ಟಿಲು ಹತ್ತುತ್ತಿದ್ದಂತೆ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗಿ ಮೈದ್ನಾ, ಗಳಾ ತಗೊಂಡು?"

"ಆಂಟೆನಾ ಕಟ್ಟಾಕ ರೀ ಅತ್ತಿಗಿ. ಗದ್ವಾಲದ ಕೂಡ ಮಾತಾಡಾಕ."

"ಫೋನಿನ್ಯಾಗ ದಿನಾ ಅವರ ಕೂಡ ಜಗಳಾಡ್ತಿ. ಅದು ಸಾಲಲಿಲ್ಲೇನು?"

ಕೊನೆಗೆ ಕರಾರು ಆಯಿತು. ಅತ್ತಿಗೆ ಹಪ್ಪಳದ ಮೊದಲ ಚಾಪೆ ಮಾಳಿಗೆಗೆ ಒಯ್ಯುವುದರೊಳಗೆ ಗದ್ವಾಲದ ದನಿ ಅವರ ಕಿವಿಗೆ ಬೀಳಬೇಕು. ಬಿದ್ದರೆ ತಂತಿ ಇರಬಹುದು. ಬೀಳದಿದ್ದರೆ ಗಳ, ಹಗ್ಗ, ತಂತಿ ಎಲ್ಲ ಇಳಿಸಿ ಮಾಳಿಗೆ ಒಪ್ಪಿಸಬೇಕು, ಮತ್ತೆ ಆ ಮಾತು ಎತ್ತಬಾರದು. ನನ್ನ ಹೆಂಡತಿ ಸಾಕ್ಷಿ. ಆಕೆ ಯಾರ ಪಕ್ಷ ಎಂದು ಕೇಳಬೇಕಿಲ್ಲ, ಹಪ್ಪಳದ ಹಿಟ್ಟು ಕುಟ್ಟುವುದು ಆಕೆಯೇ.

ಗಳ ನಿಲ್ಲಿಸುವ ಜಾಗಕ್ಕೂ ಅತ್ತಿಗೆ ಒಂದು ಸಲಹೆ ಕೊಟ್ಟರು. "ನಡುವ ಯಾಕ ನಿಲ್ಲಸ್ತಿ? ಆ ಮೂಡಣ ಮೂಲ್ಯಾಗ ನಿಲ್ಲಸು. ನನಗ ಜಾಗಾ ಉಳಿತೈತಿ."

ಮೂಡಣ ಮೂಲೆಯ ಆಚೆ ಬೀದಿಯ ಕರೆಂಟಿನ ತಂತಿ ಹೋಗಿದೆ. ಅಲ್ಲಿ ಬೇಡ ಎಂದೆ. ಸ್ವಲ್ಪ ಈಚೆಗೆ ಎಂದರು. ಬೇಡ ಎಂದೆ. ಇನ್ನೂ ಎರಡು ಮೊಳ ಈಚೆಗೆ ಎಂದರು. ಗಳ ಯಾವ ಕಡೆ ಬಿದ್ದರೂ ಅದರ ತುದಿಯಾಗಲಿ, ಅದಕ್ಕೆ ಕಟ್ಟಿದ ತಂತಿಯಾಗಲಿ ಕರೆಂಟಿನ ತಂತಿಗೆ ಮುಟ್ಟಬಾರದು, ಅಷ್ಟು ದೂರ ಇರಲೇಬೇಕು ಎಂದು ಕೂತುಬಿಟ್ಟೆ.

ಅತ್ತಿಗೆ ನನ್ನ ಮುಖ ನೋಡಿದರು. "ಹೌದಲ್ಲ, ಕೊತ್ತಂಬರಿ ಕಟ್ಟಿಗೂ ಚೌಕಾಶಿ ಮಾಡಾಂವ ಇದಕ್ಕ ಒಂದು ಮೊಳಾನೂ ಬಿಡವಲ್ಲಿ."

ಬಿಡಬಾರದು. ಮೋಟಾರಿನ ವ್ಯಾಪಾರದಲ್ಲಿ ಕರೆಂಟಿನ ಜೊತೆ ಚೌಕಾಶಿ ಮಾಡಿ ತೀರಿಕೊಂಡವರ ಮನೆಗೆ ನಾನು ಮಾತಾಡಿಸಲು ಹೋಗಿ ಬಂದಿದ್ದೇನೆ. ಅಂಥ ಮನೆಯಲ್ಲಿ ಏನು ಮಾತಾಡಬೇಕೋ ತಿಳಿಯುವುದಿಲ್ಲ. ಅದಕ್ಕೇ ಗಳ ನಡುವೆಯೇ ನಿಂತಿತು. ಗಳದ ತುದಿಯಿಂದ ಎರಡು ಕಡೆ ಇಳಿಯುವ ತಂತಿಯ ಒಂದು ತುದಿಯನ್ನು ಹಗ್ಗದಿಂದ ಹಿತ್ತಲ ಬೇವಿನ ಮರಕ್ಕೂ ಇನ್ನೊಂದನ್ನು ಮಾಳಿಗೆಯ ಪಡುವಣ ಗೋಡೆಯ ಕಡೆಗೂ ಕಟ್ಟುವುದೆಂದಾಯಿತು. ಹಿತ್ತಲಲ್ಲಿ ಇದ್ದಿಲು, ಉಪ್ಪು ತುಂಬಿ ಅರ್ತಿಂಗ್ ಕುಣಿ ಮಾಡಿಸಿದೆ. ಬ್ಯಾಟರಿಯಿಂದ ಸೆಟ್ಟಿಗೆ ಬರುವ ವೈರಿಗೆ ಫ್ಯೂಸ್ ಹಾಕಿದೆ. ಗುಡುಗು ಕೇಳಿಸಿದ ಕೂಡಲೇ ಆಂಟೆನಾದ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕಬೇಕೆಂದು ಮನೆಯವರಿಗೆಲ್ಲ ಹೇಳಿದೆ. "ಗುಡುಗಿದ್ರ ನಾವು ಮೊದಲು ಮೆಣಸಿನಕಾಯಿ ಒಳಗ ತರ್ತೀವಿ, ನಿನ್ನ ಕೇಬಲ್ ಆಮ್ಯಾಲೆ" ಎಂದರು ಅತ್ತಿಗೆ.

ಇನ್ನು ತಂತಿ ಕತ್ತರಿಸುವುದು. ಆಂಟೆನಾದ ತಂತಿಗೆ ಲೆಕ್ಕದ ಉದ್ದವಿದೆ. ನಾವು ಮಾತಾಡುವ ಪಟ್ಟಿಗೆ, ಅಂದರೆ ಬ್ಯಾಂಡಿಗೆ, ಒಂದೊಂದು ಬದಿಗೆ ಸುಮಾರು ಹತ್ತು ಮೀಟರ್. ಹುಟ್ಟಿನಿಂದ ಇದನ್ನೇ ಮಾಡಿದವನ ಹಾಗೆ ಮೀಟರ್ ಕಡ್ಡಿ ಹಿಡಿದು ಪಟಪಟನೆ ಅಳೆದು ಕತ್ತರಿಸಿದೆ. ಕಟ್ಟಿದೆ. ಸೆಟ್ಟಿನ ಶಕ್ತಿಯನ್ನು ತೀರ ಕೆಳಗಿಟ್ಟು, ಯಾರೂ ಮಾತಾಡುತ್ತಿಲ್ಲವೆಂದು ಕೇಳಿ ನೋಡಿಕೊಂಡು, ದನಿ ಕಳಿಸುವ ಗುಂಡಿ ಒತ್ತಿದೆ.

ಸೆಟ್ಟಿನ ಜೊತೆ ಒಂದು ಮೀಟರ್ ಇರುತ್ತದೆ. ನಾವು ಕಳಿಸಿದ ಮಾಲಿನಲ್ಲಿ ಆಂಟೆನಾ ಎಷ್ಟನ್ನು ಒಪ್ಪಿಕೊಂಡಿತು, ಎಷ್ಟನ್ನು ವಾಪಸ್ ಕಳಿಸಿತು ಎಂದು ಅದರ ಮುಳ್ಳು ತೋರಿಸುತ್ತದೆ. ವಾಪಸ್ ಬಂದ ಮಾಲು ಅಂಗಡಿಯಲ್ಲಿ ಕೂತರೆ ವ್ಯಾಪಾರಿಗೆ ಬಿಸಿ ಹತ್ತುವ ಹಾಗೆ ಇಲ್ಲಿ ಸೆಟ್ಟಿಗೆ ಬಿಸಿ ಹತ್ತುತ್ತದೆ, ಸುಟ್ಟೂ ಹೋಗಬಹುದು. ನನ್ನ ಮುಳ್ಳು ಕೆಂಪು ಗೆರೆ ದಾಟಿ ನಿಂತಿತು. ಕೈ ತೆಗೆದೆ.

ಕೇಬಲ್ ಬದಲಿಸಿದೆ. ನಾರಾಯಣಪೇಟೆಗೆ ಹೋಗಿ ಹೊಸ ಕನೆಕ್ಟರ್ ತಂದೆ. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಮುಳ್ಳು ಕೆಂಪಿನಲ್ಲೇ. ಸೆಟ್ ಮಾರಿದವನನ್ನು ಮನಸ್ಸಿನಲ್ಲೇ ಮೂರು ಭಾಷೆಗಳಲ್ಲಿ ಬೈದೆ. ಅಷ್ಟರಲ್ಲಿ ಕೆಳಗೆ ಉದ್ದಿನ ಬೇಳೆ ಬೀಸಿ ಬಂದಿತ್ತು. ಅತ್ತಿಗೆ ಚಾಪೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಹಾದುಹೋಗುವಾಗಲೆಲ್ಲ ಒಂದು ಮಾತು.

"ಗದ್ವಾಲ್ ಬಂತೇನು?"

"ಬರಾಕ ಹತ್ತೈತಿ ರೀ."

"ಬಸ್ಸಾದ್ರ ಇಷ್ಟೊತ್ತಿಗೆ ನಾಕು ಸಲ ಬಂದು ಹೋಗತಿತ್ತು."

ಗೆಳೆಯರಿಗೆ ಫೋನ್ ಮಾಡಿದೆ. ಕೇಬಲ್ ಕೇಳಿದರು, ಬೆಸುಗೆ ಕೇಳಿದರು, ಎಲ್ಲಕ್ಕೂ ಸರಿಯಿದೆ ಎಂದೆ. ತಂತಿಯ ಉದ್ದ ಕೇಳಿದರು. ಲೆಕ್ಕದಂತೆಯೇ ಎಂದೆ.

"ಅಳದು ತೋರ್ಸ್ರಿ ನೋಡೂಣು, ವಿಡಿಯೊದಾಗ."

ಹೆಂಡತಿಯ ಕೈಗೆ ಫೋನ್ ಕೊಟ್ಟು, ಉಳಿದ ತಂತಿಯ ಸುರುಳಿ ಬಿಚ್ಚಿ ಕಡ್ಡಿಗೆ ಹಿಡಿದು ಅಳೆಯತೊಡಗಿದೆ. ಒಂದು, ಎರಡು, ಮೂರು.

"ನಿಲ್ರಿ ನಿಲ್ರಿ. ಆ ಹೆಬ್ಬೆಟ್ಟು ಏನು ಮಾಡಿತು?"

"ಯಾವ ಹೆಬ್ಬೆಟ್ಟು?"

"ಎಡಗೈದು ಸೇಠ್. ಕಡ್ಡಿ ಮುಗುದ ಮ್ಯಾಲೆ ಮುಂದ ಜಾರಿತಲ್ಲ."

ನಾನೇ ನೋಡಿಕೊಂಡೆ. ನಾರಾಯಣಪೇಟೆಯ ಅಂಗಡಿಯಲ್ಲಿ ಬಟ್ಟೆ ಅಳೆಯುವಾಗ ಪ್ರತಿ ಮೀಟರಿಗೂ ಕಡ್ಡಿಯ ಆಚೆ ಎರಡು ಬೆರಳು ಬಿಟ್ಟು ಹಿಡಿಯುತ್ತಿದ್ದೆವು. ಅದು ಕೊಸರು, ಅಳತೆಯ ಮೇಲೆ ಕೊಡುವ ಒಂದಿಷ್ಟು. ಕೊಸರು ಕೊಡದ ಅಂಗಡಿಗೆ ನಮ್ಮ ಕಡೆಯ ಹೆಂಗಸರು ಎರಡನೇ ಸಲ ಹತ್ತುವುದಿಲ್ಲ. ಆ ಅಂಗಡಿ ಬಿಟ್ಟು ಎಷ್ಟೋ ವರ್ಷವಾಗಿದೆ, ಹೆಬ್ಬೆರಳು ಮಾತ್ರ ಇನ್ನೂ ಅಲ್ಲೇ ಕೆಲಸಕ್ಕಿದೆ.

"ಅದು ಕೊಸರು ರೀ" ಎಂದೆ.

ಆ ಕಡೆಯಿಂದ ನಗುವನ್ನು ಕೆಮ್ಮು ಮಾಡಿಕೊಂಡ ದನಿ ಬಂತು. "ಯಾರಿಗಿ ಕೊಸರು ಕೊಟ್ರಿ? ಬೇವಿನ ಮರಕ್ಕೋ, ಗ್ವಾಡಿಗೋ? ಮೀಟರಿಗಿ ಎರಡು ಬೆರಳಂದ್ರ ಒಂದು ಕಡಿಗಿ ಗೇಣಿನ ಮ್ಯಾಲಾತು. ಅಷ್ಟು ಉದ್ದಾದ್ರ ಆಂಟೆನಾ ಬ್ಯಾರೆ ಊರಿನ ಮಾತಿಗಿ ಕೂಡತೈತಿ."

ಫೋನ್ ಹಿಡಿದ ನನ್ನ ಹೆಂಡತಿ ನಗುತ್ತ ಅದನ್ನು ಬೇವಿನ ಮರದ ಕಡೆಗೆ ತಿರುಗಿಸಿದಳು.

ಕತ್ತರಿ ತಗೋಬೇಡಿ, ಮಡಚಿ ಎಂದರು ಗೆಳೆಯರು. ಇದು ನೀವೂ ನೆನಪಿಡಬೇಕಾದ ಮಾತು. ಕತ್ತರಿಸಿದ ತಂತಿ ಬೆಳೆಯುವುದಿಲ್ಲ. ತುದಿಯನ್ನು ಹಿಂದಕ್ಕೆ ಮಡಚಿ ಅದಕ್ಕೇ ಸುತ್ತಿದರೆ ಸಾಕು, ಎರಡೂ ಬದಿ ಸಮನಾಗಿ, ಸ್ವಲ್ಪ ಸ್ವಲ್ಪವೇ. ಮರುದಿನ ಬೆಳಿಗ್ಗೆ ಮಡಚಿದೆ, ಒತ್ತಿ ನೋಡಿದೆ, ಮತ್ತೆ ಮಡಚಿದೆ. ಪ್ರತಿ ಸಲ ತಂತಿಗೆ ಕೈ ಹಾಕುವ ಮುಂಚೆ ಕೆಳಗಿಳಿದು ಸೆಟ್ ಆರಿಸಿ ಬಂದೆ. ಮೆಟ್ಟಿಲು ಹತ್ತಿ ಇಳಿದು ಮಂಡಿ ನೋಯಿತು, ಮುಳ್ಳು ಮಾತ್ರ ಒಳ್ಳೆಯ ಸೊಸೆಯ ಹಾಗೆ ಕೆಳಗೆ ಬಂದು ಕುಳಿತಿತು.

ಅತ್ತಿಗೆ ಆಗಲೇ ಹಪ್ಪಳದ ಮೊದಲ ಚಾಪೆ ಹೊತ್ತು ಮಾಳಿಗೆಗೆ ಹೊರಟಿದ್ದರು.

"ತಡೀರಿ ಅತ್ತಿಗಿ. ಮೊದಲು ಇಲ್ಲಿ ಕೂಡ್ರಿ. ನಾ ಗುಂಡಿ ಒತ್ತೂ ಹೊತ್ತಿನ್ಯಾಗ ಮ್ಯಾಲೆ ಯಾರೂ ಇರಬಾರದು. ತಂತಿ ತುದಿಗಿ ಕೈ ತಾಗಿದ್ರ ಸುಡ್ತೈತಿ."

"ಸುಡ್ತೈತಿ?" ಅವರು ಚಾಪೆ ಇಳಿಸಿ ಕುಳಿತರು. ಆ ಮಾತು ಅವರ ಮನಸ್ಸಿನಲ್ಲಿ ಎಲ್ಲಿ ಹೋಗಿ ಕೂತಿತೆಂದು ನನಗಾಗ ತಿಳಿಯಲಿಲ್ಲ.

ಲೈಸೆನ್ಸಿನಲ್ಲಿ ಕೊಟ್ಟ ನನ್ನ ಕರೆಗುರುತು ಹೇಳಿ ಗೆಳೆಯರನ್ನು ಕರೆದೆ. ಗರಗರ ಸದ್ದು. ಮತ್ತೆ ಕರೆದೆ. ಆಗ ಆ ಗರಗರದ ಒಳಗಿನಿಂದ ಅವರ ದನಿ ಎದ್ದಿತು, ಎದುರು ಮನೆಯ ಕಟ್ಟೆಯ ಮೇಲೆ ಕುಳಿತು ಮಾತಾಡಿದಷ್ಟು ಸ್ವಚ್ಛ. ಖುಷಿಯಲ್ಲಿ ನಾನು, ನಿಮ್ಮ ಧರೂರಿನ ಕಡೆ ಮೋಟಾರಿಗೆ ಗಿರಾಕಿ ಇದ್ದಾರೇನು ಎಂದು ಶುರು ಮಾಡಿದೆ.

"ಇಲ್ಲಿ ವ್ಯಾಪಾರದ ಮಾತು ನಡಿಯಂಗಿಲ್ಲ ಸೇಠ್" ಎಂದು ಅವರು ಗದರಿದರು. "ಪರೀಕ್ಷಾದಾಗ ಬರದೀರಿ, ಮರೀಬ್ಯಾಡ್ರಿ. ಓವರ್."

ಅತ್ತಿಗೆ ಮೈಕಿಗೆ ಕೈ ಚಾಚಿದರು. ಲೈಸೆನ್ಸ್ ನನ್ನದು, ನಾನೇ ಮಾತಾಡಬೇಕು ಎಂದೆ. "ಹಂಗಾದ್ರ ಕೇಳು. ಅವರ ಮನ್ಯಾಗ ಇವತ್ತು ಏನು ಅಡಗಿ?" ಕೇಳಿದೆ. ಪುಂಡಿಪಲ್ಲೆ, ಜೋಳದ ರೊಟ್ಟಿ ಎಂದು ಬಂತು. "ಉಪ್ಪು ಜಾಸ್ತಿ ಆಗೇತಿ, ನಮ್ಮಾಕಿಗಿ ಕೇಳಸಬಾರದು, ಓವರ್" ಎಂದೂ ಬಂತು. ಅತ್ತಿಗೆ ಸೆರಗು ಬಾಯಿಗೆ ಹಿಡಿದರು.

"ಗದ್ವಾಲದ ದನಿ ಖರೇ" ಎಂದರು. "ತಂತಿ ಇರಲಿ. ಕರಾರು ಕರಾರೇ."

ನಾನು ಎದೆ ಉಬ್ಬಿಸಿ ಕುಳಿತೆ. ಅವರು ಚಾಪೆ ಎತ್ತಿಕೊಂಡು ಎದ್ದರು. ಬಾಗಿಲಲ್ಲಿ ನಿಂತು ಕೇಳಿದರು, "ನಾ ಮ್ಯಾಲೆ ಇದ್ದಾಗ ನೀ ಒತ್ತಂಗಿಲ್ಲ, ಹೌದಲ್ಲ?"

"ಒತ್ತಂಗಿಲ್ಲ ರೀ."

"ಒಂಚೂರೂ?"

"ಒಂಚೂರೂ ಇಲ್ಲ. ಇದರಾಗ ಕಮ್ಮಿ ಜಾಸ್ತಿ ಇಲ್ಲ."

"ಬೇಷ್" ಎಂದು ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಕುರ್ಚಿ ಹೋಯಿತು. ಆಮೇಲೆ ಛತ್ರಿ, ನೀರಿನ ಗಡಿಗೆ, ಕಾಗೆ ಓಡಿಸುವ ಕೋಲು. ಮೆಟ್ಟಿಲ ಬಾಗಿಲಿಗೆ ಒಂದು ಕೆಂಪು ಟವೆಲ್ ಬಿತ್ತು. ಟವೆಲ್ ಇದ್ದರೆ ಅತ್ತಿಗೆ ಮೇಲಿದ್ದಾರೆ, ಗುಂಡಿ ಮುಟ್ಟಬಾರದು ಎಂದು ಗುರುತು. ಆ ಟವೆಲ್ ಸೂರ್ಯನ ಜೊತೆ ಏರಿತು, ಸೂರ್ಯನ ಜೊತೆಯೇ ಇಳಿಯಿತು. ಮರುದಿನವೂ ಹಾಗೆಯೇ. ಹಪ್ಪಳ ಮುಗಿದು ಸಂಡಿಗೆ ಬಂತು, ಸಂಡಿಗೆಯ ಹಿಂದೆ ಶಾವಿಗೆ.

ಉಳಿದದ್ದು ಮುಸ್ಸಂಜೆ. ಆ ಹೊತ್ತಿಗೆ ನಮ್ಮ ಪಟ್ಟಿಯ ಗುಣ ಬದಲಾಗುತ್ತದೆ. ಹತ್ತಿರದ ಊರು ಮುಳುಗಿ ದೂರದ ಊರು ಏಳುತ್ತದೆ. ಶ್ರೀಲಂಕಾದವರು ಸಿಗುತ್ತಾರೆ, ಅಸ್ಸಾಮಿನವರು ಸಿಗುತ್ತಾರೆ, ನಡುವೆ ಒಂದು ಹೊಳೆ ಮಾತ್ರ ಇರುವ ಗದ್ವಾಲ ಸಿಗುವುದಿಲ್ಲ. ಗೆಳೆಯರು ಫೋನಿನಲ್ಲಿ ಕೇಳಿದರು, "ನನ್ನ ಕೂಡ ಮಾತಾಡಾಕ ಕಟ್ಟಿದ ಆಂಟೆನಾದಾಗ ಊರಿನವರೆಲ್ಲಾ ಮಾತಾಡಾಕ ಹತ್ಯಾರಂತ. ನಾ ಏನು ತಪ್ಪು ಮಾಡೀನಿ?"

ಈಗ ಒಂದು ದಾರಿ ಕಂಡುಕೊಂಡಿದ್ದೇನೆ. ಮಧ್ಯಾಹ್ನದ ಊಟಕ್ಕೆ ಮಾತ್ರ ಅತ್ತಿಗೆ ಸಂಡಿಗೆಯ ಮೇಲೆ ಹಳೆಯ ಸೀರೆ ಹೊದಿಸಿ, ಟವೆಲ್ ತೆಗೆದು ಕೆಳಗೆ ಬರುತ್ತಾರೆ. ಅವರು ಉಣ್ಣುವಷ್ಟು ಹೊತ್ತು ಮಾಳಿಗೆ ಖಾಲಿ. ಗದ್ವಾಲದವರು ಆ ಹೊತ್ತಿಗೆ ಅಂಗಡಿಯ ಹಿಂದೆ ಕಾದು ಕುಳಿತಿರುತ್ತಾರೆ. ನಾನು ಮೊದಲೇ ಉಂಡು, ಹೋಗುವ ಮುಂಚೆ ಅತ್ತಿಗೆಯ ತಾಟಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತೇನೆ.

"ಇನ್ನೊಂದು ರೊಟ್ಟಿ ಹಾಕ್ಕೋರಿ ಅತ್ತಿಗಿ. ಬಿಸಿಲಾಗ ಕುಂತು ಸೊರಗೀರಿ. ಮೊಸರು ತರಲೇನು? ಶೇಂಗಾ ಚಟ್ನಿ?"

"ಬ್ಯಾಡಪಾ."

"ಅರ್ಧಾ ಆದ್ರೂ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನತ್ತ ನೋಡುತ್ತಾರೆ. "ಹೋಗು ಮೈದ್ನಾ, ಪಾಪ ಅವರು ಕಾಯಾಕ ಹತ್ಯಾರು. ನಾ ಸಾವಕಾಶ ಅಗಿತೀನಿ. ಆದ್ರ ನಾಳಿ ಮೆಣಸಿನಕಾಯಿ ಚೀಲಾ ಮ್ಯಾಲೆ ಹೊರಾವ ನೀನ."

ಒಪ್ಪಿಕೊಂಡು ಓಡುತ್ತೇನೆ. ಸಮಯ ಇರುವುದಿಲ್ಲ, ಇಲ್ಲದಿದ್ದರೆ ಅರ್ಧ ಚೀಲಕ್ಕೆ ಇಳಿಸುತ್ತಿದ್ದೆ.